ಸೃಷ್ಟಿ ಕಾಪಿ ಹೊಡೆದ ದಿನ

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರಿಗೆ ಆ ಸುಖ ಯಾಕೆ ಕೊಡಬೇಕು? ಕಮಲಾಪುರದ ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿಯ ತನಕ ಈ ಸೂಗಮ್ಮನ ಎದುರು ಜಗಳಕ್ಕೆ ನಿಂತು ಗೆದ್ದವರು ಯಾರೂ ಇಲ್ಲ. ಅಂಥ ನಾನು, ಕಲಬುರಗಿಯ ಇಂಗ್ಲಿಷ್ ಶಾಲೆಯೊಂದರಲ್ಲಿ ನನ್ನ ಮೊಮ್ಮಗಳು ಕಾಪಿ ಹೊಡೆದಳು ಅಂದವರ ಮುಂದೆ ತುಟಿ ಪಿಟಕ್ಕೆನ್ನದೆ ನಿಂತೆ. ಬಾಯಿ ಆಡಬೇಕಾದ ಕಡೆ ಕೈ ಆಡಿತು. ಅದನ್ನೇ ಈಗ ಹೇಳಲು ಹೊರಟಿದ್ದೇನೆ.

ಸೃಷ್ಟಿ ನನ್ನ ಮಗ ವಿವೇಕಾನಂದನ ಮಗಳು. ಮಗ ಕಲಬುರಗಿಯಲ್ಲಿ ಬ್ಯಾಂಕಿನಲ್ಲಿದ್ದಾನೆ, ಸೊಸೆ ಅಲ್ಲಿಯೇ ದವಾಖಾನೆಯಲ್ಲಿ ನರ್ಸು. ಹುಡುಗಿಗೆ ಆರು ತುಂಬಿದ ವರ್ಷ ಸೊಸೆಗೆ ಬಿಟ್ಟೂಬಿಡದೆ ರಾತ್ರಿ ಪಾಳಿ ಬಿತ್ತು. ಎರಡು ತಿಂಗಳ ಮಟ್ಟಿಗೆ ಅಂತ ಮಗುವನ್ನು ನಮ್ಮ ಮನೆಗೆ ತಂದು ಬಿಟ್ಟರು. ಆ ಎರಡು ತಿಂಗಳು ಮೂರು ವರ್ಷವಾದವು. ಹುಡುಗಿ ಮನೆಯಲ್ಲಿ ಸುಮ್ಮನೆ ಕೂಡಬಾರದು ಅಂತ ಓಣಿಯ ಕೊನೆಗಿರುವ ಸರಕಾರಿ ಶಾಲೆಗೆ ಹಚ್ಚಿದೆವು. ಹಚ್ಚಿದೆವು ಅಂದರೆ ನಮ್ಮ ಯಜಮಾನರು ಖಂಡೆಪ್ಪನವರು ಹಚ್ಚಿದರು, ನಾನು ಮೂಗು ಮುರಿದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನದು ಅದೇ ಜಾತಿಯ ಬುದ್ಧಿ. ಮೊದಲ ದಿನವೇ ಅಲ್ಲಿ ಬಿಸಿಯೂಟದ ಅಡಿಗೆ ಯಾರು ಮಾಡುತ್ತಾರೆ ಅಂತ ವಿಚಾರಿಸಿದೆ. ಶೇವಂತಾ ಅಂದರು. ಶೇವಂತಾ ಯಾವ ಓಣಿಯವಳು ಅಂತ ನನಗೆ ಗೊತ್ತಿತ್ತು. ಮರುದಿನದಿಂದ ಮನೆಯ ಡಬ್ಬಿ ಕಟ್ಟಿ ಕಳಿಸತೊಡಗಿದೆ. ಒಂದು ವಾರದ ಮೇಲೆ ತಿಳಿಯಿತು, ನನ್ನ ಡಬ್ಬಿಯ ಚಪಾತಿಯನ್ನು ಯಾರ್ಯಾರೋ ತಿಂದು ಮುಗಿಸುತ್ತಿದ್ದರು. ನನ್ನ ಮೊಮ್ಮಗಳು ಸಾಲಿನಲ್ಲಿ ಕೂತು ಶೇವಂತಾ ಬಡಿಸಿದ ಅನ್ನ ಸಾಂಬಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದಳು. ಕಮಲಾಪುರದ ಕೆಂಪು ಬಾಳೆ ನಮ್ಮ ತೋಟದಲ್ಲೇ ತೂಗಾಡುತ್ತಿರುವಾಗ, ಶಾಲೆಯಲ್ಲಿ ಮೊಟ್ಟೆ ತಿನ್ನದವರಿಗೆ ಕೊಡುವ ಬಾಳೆಹಣ್ಣೇ ರುಚಿ ಅಂತ ಬೇರೆ ಹೇಳುತ್ತಿದ್ದಳು. ನನಗೆ ಸಿಟ್ಟು ಬಂತು. ನನ್ನ ಅಡಿಗೆ ಬೇಡವಾದದ್ದಕ್ಕೆ ಬಂತು ಅಂತ ಆಗ ಅಂದುಕೊಂಡಿದ್ದೆ, ಆದರೆ ಖರೇ ಕಾರಣ ಅದಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವತ್ತು ಆಗಿರಲಿಲ್ಲ, ಅದನ್ನೂ ಹೇಳಬೇಕು.

ಆ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ನಲಿ-ಕಲಿ ಅಂತ ಅದರ ಹೆಸರು. ಬೆಂಚಿಲ್ಲ, ನೆಲದ ಮೇಲೆ ಗುಂಪು ಗುಂಪು. ಪಾಠವೆಲ್ಲ ಕಾರ್ಡುಗಳಲ್ಲಿರುತ್ತದೆ, ಯಾವ ಮಗು ಎಲ್ಲಿಗೆ ಬಂದಿದೆಯೋ ಆ ಕಾರ್ಡನ್ನು ತಾನೇ ಹುಡುಕಿ ತಂದು ಓದಬೇಕು. ಒಂದು ಗುಂಪು ಟೀಚರ್ ಹತ್ತಿರ ಕೂಡುತ್ತದೆ, ಇನ್ನೊಂದರಲ್ಲಿ ಬರುವವರು ಬಾರದವರಿಗೆ ಹೇಳಿಕೊಡುತ್ತಾರೆ. ಎರಡನೆಯ ವರ್ಷ ಸೃಷ್ಟಿ ಮನೆಗೆ ಬಂದು, ಇವತ್ತು ಜೈಭೀಮನಿಗೆ ಕಳೆಯುವ ಲೆಕ್ಕ ಹೇಳಿಕೊಟ್ಟೆ, ನಿನ್ನೆ ಮಾಯಾಳಿಗೆ ಓದಲು ಹೇಳಿಕೊಟ್ಟೆ ಅಂತ ದಿನಾ ವರದಿ ಒಪ್ಪಿಸತೊಡಗಿದಳು. ನನ್ನ ತಲೆ ಬಿಸಿಯಾಯಿತು. ಸರಕಾರ ಪಗಾರ ಕೊಡುವುದು ಟೀಚರಿಗೆ, ದುಡಿಯುವುದು ನನ್ನ ಮೊಮ್ಮಗಳೇ? ಸೆರಗು ಸಿಗಿಸಿಕೊಂಡು ಶಾಲೆಗೆ ನಡೆದೆ.

ಟೀಚರ್ ಹೆಸರು ಪಂಚಶೀಲಾ. ಸಣ್ಣ ಧ್ವನಿಯ, ದೊಡ್ಡ ಕನ್ನಡಕದ ಹೆಣ್ಣುಮಗಳು, ದಿನಾ ಕಲಬುರಗಿಯಿಂದ ಬಸ್ಸಿಗೆ ಬರುತ್ತಾಳೆ. ನಾನು ಅನ್ನುವುದನ್ನೆಲ್ಲ ಅಂದು ಮುಗಿಸುವ ತನಕ ಕೇಳಿಸಿಕೊಂಡಳು. ಆಮೇಲೆ ಕುರ್ಚಿ ತಂದಿಟ್ಟು, ಒಂದು ತಾಸು ಕೂತು ನೋಡಿ, ಬೈಯುವುದು ಇನ್ನೂ ಉಳಿದಿದ್ದರೆ ಆಗ ಬೈಯಿರಿ ಅಂದಳು. ಕೂತೆ. ಸೃಷ್ಟಿ ತನ್ನ ಕಾರ್ಡು ಮುಗಿಸಿ, ಯಾರೂ ಹೇಳದೆ ಎದ್ದು, ಒಬ್ಬ ಸಣ್ಣ ಹುಡುಗನ ಬಾಜೂ ಹೋಗಿ ಕೂತಳು. ಹುಣಸೆ ಬೀಜ ಸಾಲಾಗಿ ಇಟ್ಟು ಏನೋ ಕೇಳಿದಳು. ಅವನು ತಪ್ಪು ಹೇಳಿದ. ಮತ್ತೆ ಇಟ್ಟಳು. ಮನೆಯಲ್ಲಿ ತಲೆ ಬಾಚಿಸಿಕೊಳ್ಳಲು ಅರೆಗಳಿಗೆ ತಾಳದ ಹುಡುಗಿ, ಅವನಿಗೆ ತಿಳಿಯುವ ತನಕ ಬೀಜ ಇಡುತ್ತಲೇ ಇದ್ದಳು. ಅವನು ಸರಿ ಹೇಳಿದಾಗ ಇಬ್ಬರ ಮುಖವನ್ನೂ ನೋಡಬೇಕಿತ್ತು.

ಆ ಕೋಣೆಯ ರಿವಾಜೇ ಅದಂತೆ. ಮುಗಿಸಿದವರು ಸುಮ್ಮನೆ ಕೂಡುವಂತಿಲ್ಲ, ಮುಗಿಯದವರ ಬಾಜೂ ಹೋಗಬೇಕು. ಇನ್ನೊಬ್ಬರಿಗೆ ಹೇಳಿಕೊಟ್ಟದ್ದನ್ನು ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ ಅಂತ ಪಂಚಶೀಲಾ ಟೀಚರ್ ಹೇಳಿದಳು. ಉಳಿದಿದ್ದ ಬೈಗುಳ ನನ್ನ ಬಾಯಲ್ಲೇ ಉಳಿಯಿತು. ಹೊರಗೆ ಬರುವಾಗ ಶೇವಂತಾ ಚಹಾ ಬೇಕೇನು ಅಂತ ಕೇಳಿದಳು. ಕುಡಿದೆ. ಒಳ್ಳೆಯ ಚಹಾ ಮಾಡುತ್ತಾಳೆ.

ಇಷ್ಟಾದರೂ ನನ್ನ ತಲೆಯಿಂದ ಇಂಗ್ಲಿಷಿನ ಹುಚ್ಚು ಇಳಿಯಲಿಲ್ಲ. ಸೊಸೆಗೆ ಹಗಲು ಪಾಳಿ ಸಿಕ್ಕಿತು, ಮಗ ಜೇವರ್ಗಿ ಕಾಲೋನಿಯಲ್ಲಿ ಮನೆ ಹಿಡಿದ. ನಾಲ್ಕನೆಯ ತರಗತಿಗೆ ಸೃಷ್ಟಿ ಅಪ್ಪ ಅಮ್ಮನ ಹತ್ತಿರ ಹೋಗುವುದು ಅಂತ ಗೊತ್ತಾಯಿತು. ಹೋಗುವುದಾದರೆ ಟೈ ಕಟ್ಟುವ ಶಾಲೆಗೇ ಹೋಗಲಿ ಅಂತ ಹಟ ಹಿಡಿದವಳು ನಾನು. ಅವರ ಮನೆಯಿಂದ ಎರಡು ಗಲ್ಲಿ ಆಚೆ ಅಂಥದೊಂದು ಶಾಲೆ ಇತ್ತು. ಸೀಟು ಕೆಲವೇ, ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ. ಸೀಟು ಸಿಗುವ ಮೊದಲೇ ಸಿಕ್ಕಿತು ಅಂತ ನಾನು ಓಣಿಯ ತುಂಬ ಡಂಗುರ ಸಾರಿದ್ದೆ.

ಪರೀಕ್ಷೆ ಏಪ್ರಿಲ್ ಮೊದಲ ವಾರ, ಒಂದು ಸೋಮವಾರ. ಮಗನಿಗೆ ರಜೆ ಸಿಗಲಿಲ್ಲ, ಸೊಸೆಗೂ ಇಲ್ಲ. ನಾನೇ ಸೃಷ್ಟಿಯನ್ನು ಕಟ್ಟಿಕೊಂಡು ಮೊದಲ ಬಸ್ಸಿಗೆ ಹೊರಟೆ. ಮಕ್ಕಳನ್ನು ಒಳಗೆ ಕರೆದುಕೊಂಡರು, ನಾವು ದೊಡ್ಡವರು ಹೊರಗೆ ಪಡಸಾಲೆಯಲ್ಲಿ ಕೂತೆವು. ನನ್ನ ಬಾಜೂ ಒಬ್ಬ ಮುದುಕಿ ಕೂತಿದ್ದಳು, ಬಷೀರುನ್ನೀಸಾ ಅಂತ. ಕಲಬುರಗಿಯ ರೋಜಾ ಬಡಾವಣೆಯಲ್ಲಿ ದರ್ಗಾದ ಹತ್ತಿರ ಅವರದು ಹೂವಿನ ಅಂಗಡಿ. ಮೊಮ್ಮಗ ಉಜೈರ್‌ನನ್ನು ಕರೆತಂದಿದ್ದಳು. ಹುಡುಗ ಜಾಣನೇ, ಆದರೆ ಪರೀಕ್ಷೆ ಅಂದರೆ ಹೊಟ್ಟೆ ಹಿಡಿದುಕೊಂಡು ಅಳುತ್ತಾನಂತೆ. ನಮ್ಮ ಹುಡುಗಿಗೆ ಅಂಥ ಅಂಜಿಕೆ ಏನೂ ಇಲ್ಲ ಅಂತ ನಾನು ಜಂಬ ಕೊಚ್ಚಿದೆ. ಚೀಲದಿಂದ ಕೆಂಪು ಬಾಳೆ ತೆಗೆದು ಇಬ್ಬರೂ ತಿಂದೆವು. ಮೊಣಕಾಲು ನೋವಿನ ಸುದ್ದಿಯಿಂದ ಹಿಡಿದು ಸೊಸೆಯರ ಸುದ್ದಿಯ ತನಕ ಬಂದಿದ್ದೆವು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಒಬ್ಬಳು ಟೀಚರ್ ಸೃಷ್ಟಿಯ ರಟ್ಟೆ ಹಿಡಿದು ಹೊರಗೆ ತಂದಳು. ಹಿಂದೆಯೇ ದೊಡ್ಡ ಮೇಡಂ ಬಂದರು. ಮೊದಲು ಇಂಗ್ಲಿಷಿನಲ್ಲಿ ಹೇಳಿದರು, ನನ್ನ ಮುಖ ನೋಡಿ ಕನ್ನಡಕ್ಕೆ ಇಳಿದರು. ಈ ಹುಡುಗಿ ತನ್ನ ಜಾಗ ಬಿಟ್ಟು ಎದ್ದು ಬೇರೆ ಹುಡುಗನ ಬಾಜೂ ಹೋಗಿ ಕೂತಿದ್ದಾಳೆ. ಕರೆತಂದು ಜಾಗದಲ್ಲಿ ಕೂಡಿಸಿದರೆ ಮತ್ತೆ ಹೋಗಿದ್ದಾಳೆ, ಪಿಸುಪಿಸು ಮಾತಾಡಿದ್ದಾಳೆ. ನಮ್ಮಲ್ಲಿ ಇದಕ್ಕೆ ಕಾಪಿ ಅನ್ನುತ್ತಾರೆ, ಇಂಥ ಮಕ್ಕಳನ್ನು ನಾವು ತೆಗೆದುಕೊಳ್ಳುವುದಿಲ್ಲ ಅಂದರು.

ಪಡಸಾಲೆಯಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಏನಾಯ್ತವ್ವ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮಾನ ಕಳೆದೆಯಲ್ಲ ಅಂತ ಎಲ್ಲರೆದುರು ಅವಳ ಬೆನ್ನಿಗೆ ಎರಡು ಏಟು ಹಾಕಿದೆ. ಮೂರು ವರ್ಷದಲ್ಲಿ ಒಂದು ದಿನವೂ ಅವಳ ಮೇಲೆ ಕೈ ಎತ್ತಿದವಳಲ್ಲ ನಾನು. ಸೃಷ್ಟಿ ಅಳಲಿಲ್ಲ. ಯಾಕೆ ಅಂತ ತಿಳಿಯದವರು ನೋಡುವ ಹಾಗೆ ನನ್ನನ್ನು ನೋಡಿದಳು, ಅಷ್ಟೇ.

ಗೇಟಿನ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಆಯಿ, ಈ ಸಾಲ್ಯಾಗ ಬಾಜೂದವಗ ಬರಲಿಲ್ಲಂದ್ರ ಯಾರು ಹೇಳಿಕೊಡ್ತಾರ?"

"ಯಾರೂ ಹೇಳಿಕೊಡಂಗಿಲ್ಲ."

"ಮತ್ತ ಅವ ಏನ್ ಮಾಡ್ಬೇಕು?"

ಆಗ ಕೇಳಿದೆ, ಒಳಗೆ ಆಗಿದ್ದಾದರೂ ಏನು ಅಂತ. ಅವಳದು ಬೇಗ ಮುಗಿದಿತ್ತಂತೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಹಾಳೆ ಮುಟ್ಟದೆ ಅಳುತ್ತಿದ್ದನಂತೆ. ಮುಗಿಸಿದವರು ಸುಮ್ಮನೆ ಕೂಡಬಾರದಲ್ಲ, ಅದಕ್ಕೆ ಎದ್ದು ಹೋದಳಂತೆ. ಟೀಚರ್ ಬಂದು ತನ್ನನ್ನು ಯಾಕೆ ಎಳೆದರು ಅಂತ ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಆ ಮಾತು ಮುಗಿಯುವ ಹೊತ್ತಿಗೆ ಪರೀಕ್ಷೆ ಬಿಟ್ಟಿತ್ತು. ಬಷೀರುನ್ನೀಸಾ ಮೊಮ್ಮಗನ ಕೈ ಹಿಡಿದು ಕುಂಟುತ್ತ ನಮ್ಮ ಹತ್ತಿರವೇ ಬಂದಳು.

"ಬೆಹೆನ್, ಪೋರಿಗಿ ಏನೂ ಅನಬ್ಯಾಡ್ರಿ. ನಮ್ಮ ಉಜೈರ್ ಅಳಕೋತ ಕುಂತಿದ್ನಂತ. ಈಕಿ ಬಂದು ಬಾಜೂ ಕುಂತ ಮ್ಯಾಲೇ ಅವ ಪೆನ್ಸಿಲ್ ಹಿಡದಾನ."

ಅನ್ನುವುದು ಮಾಡುವುದು ಎಲ್ಲ ಆಗಿಹೋಗಿತ್ತಲ್ಲ. ನಾನು ತಲೆ ತಗ್ಗಿಸಿದೆ. ಅವಳು ಸೃಷ್ಟಿಯ ತಲೆ ನೇವರಿಸಿ ತುಟಿಯಲ್ಲೇ ದುವಾ ಹೇಳಿದಳು. ಹೋಗುವಾಗ ನನ್ನ ಫೋನ್ ನಂಬರು ಇಸಿದುಕೊಂಡಳು.

ಊರಿಗೆ ಬಂದ ಮೇಲೆ ಸೃಷ್ಟಿ ನನ್ನ ಜೊತೆ ಮಾತಾಡುತ್ತಿದ್ದಳು, ಉಣ್ಣುತ್ತಿದ್ದಳು, ಆದರೆ ಮಲಗುವಾಗ ಹಾಸಿಗೆಯನ್ನು ಮುತ್ಯಾನ, ಅಂದರೆ ಅಜ್ಜನ ಕಡೆಗೆ ಎಳೆದುಕೊಂಡಳು. ಖಂಡೆಪ್ಪನವರು ಏನೂ ಅನ್ನಲಿಲ್ಲ. ಬೈದಿದ್ದರೆ ಚಲೋ ಇತ್ತು, ಎರಡು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ.

ಶುಕ್ರವಾರ ಎರಡು ಫೋನು ಬಂದವು. ಮೊದಲನೆಯದು ಬಷೀರುನ್ನೀಸಾಳದು, ಉಜೈರ್‌ಗೆ ಸೀಟು ಸಿಕ್ಕಿತಂತೆ. ನಿಮ್ಮ ಹುಡುಗಿಯ ಪುಣ್ಯ ಅಂದಳು. ಖರೇ ಹೇಳುತ್ತೇನೆ, ನನ್ನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಆ ಪಾಪದ ಹುಡುಗನ ಮೇಲೆ ಎಂಥ ಹೊಟ್ಟೆಕಿಚ್ಚು ನೋಡಿ ನನ್ನದು. ಎರಡನೆಯದು ಮಗನದು. ಅವನು ಶಾಲೆಗೆ ಹೋಗಿ ದೊಡ್ಡ ಮೇಡಂ ಅವರನ್ನು ಕಂಡು ಕೈಕಾಲು ಹಿಡಿದಿದ್ದ. ಸೃಷ್ಟಿ ಬರೆದದ್ದೆಲ್ಲ ಸರಿ ಇತ್ತಂತೆ, ಅದಕ್ಕೆ ಒಂದು ಅವಕಾಶ ಕೊಡುತ್ತಾರಂತೆ. ನಾನು ಕಾಪಿ ಹೊಡೆದೆ, ತಪ್ಪಾಯಿತು, ಇನ್ನು ಮುಂದೆ ಮಾಡುವುದಿಲ್ಲ ಅಂತ ಹುಡುಗಿ ತನ್ನ ಕೈಯಾರೆ ಬರೆಯಬೇಕು. ಕರೆದುಕೊಂಡು ಹೋಗಿದ್ದ ನಾನು ಕೆಳಗೆ ಸಹಿ ಹಾಕಬೇಕು. ಸೋಮವಾರ ಆ ಕಾಗದ ಕೊಟ್ಟರೆ ಸೀಟು, ಕೊಡದಿದ್ದರೆ ಇಲ್ಲ.

ಶನಿವಾರ ಬೆಳಗಿನ ಶಾಲೆ. ನಾನು ಪಂಚಶೀಲಾ ಟೀಚರ್ ಹತ್ತಿರ ಹೋದೆ. ಈ ಸಲ ಸೆರಗು ಸಿಗಿಸಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ, ಹೊಡೆದದ್ದನ್ನೂ ಹೇಳಿದೆ. ಅವಳು ಕನ್ನಡಕ ತೆಗೆದು ಒರೆಸಿದಳು. ಆ ಶಾಲೆಯವರನ್ನು ಬೈಯುತ್ತಾಳೆ, ನಾನೂ ಧ್ವನಿ ಕೂಡಿಸಬಹುದು ಅಂತ ಕಾಯುತ್ತಿದ್ದೆ. ಅವಳು ಬೈಯಲಿಲ್ಲ. ಪರೀಕ್ಷೆ ಅಂದರೆ ಪ್ರತಿಯೊಬ್ಬರೂ ತಮ್ಮ ಜಾಗದಲ್ಲಿ ಒಬ್ಬರೇ ಕೂತು ಬರೆಯುವುದು, ಅದನ್ನು ನಾನು ಮೊದಲೇ ಹೇಳಿ ಕಳಿಸಬೇಕಿತ್ತು, ತಪ್ಪು ನನ್ನದೂ ಇದೆ ಅಂದಳು. ಆಮೇಲೆ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದಳು.

"ಆದ್ರ ಕಾಪಿ ಹೊಡದೀನಿ ಅಂತ ಬರಸಬ್ಯಾಡ್ರಿ, ಅಮ್ಮಾ. ಕಾಪಿ ಅಂದ್ರೇನಂತ ಆಕಿಗಿ ಇನ್ನಾ ಗೊತ್ತಿಲ್ಲ."

ಹಾಗಾದರೆ ಹುಡುಗಿಯನ್ನು ಎಲ್ಲಿ ಹಚ್ಚಲಿ ಅಂತ ಕೇಳಿದೆ. ಜೇವರ್ಗಿ ಕಾಲೋನಿಗೆ ಹತ್ತಿರದಲ್ಲೇ ಒಂದು ಸರಕಾರಿ ಶಾಲೆ ಇದೆ, ಇಂಗ್ಲಿಷನ್ನೂ ಚೆನ್ನಾಗಿ ಕಲಿಸುತ್ತಾರೆ ಅಂದಳು. ಎಲ್ಲರೂ ಹೀಗೇ ಹೇಳುತ್ತಾರೆ, ತಮ್ಮ ಮಕ್ಕಳನ್ನು ಮಾತ್ರ ಬೇರೆ ಕಡೆ ಕಳಿಸುತ್ತಾರೆ ಅಂತ ನನ್ನ ಬಾಯಿ ತಡೆಯದೆ ಅಂದುಬಿಟ್ಟಿತು. ಅವಳು ನಕ್ಕಳು. ಅವಳ ಮಗ ಅಜಿತ ಅದೇ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದಾನಂತೆ.

ಭಾನುವಾರ ಮಧ್ಯಾಹ್ನ ಊಟದ ಮೇಲೆ ವಿವೇಕಾನಂದ ಬಂದ. ಗೆರೆ ಇರುವ ಒಂದು ಬಿಳಿ ಹಾಳೆ ತಂದಿದ್ದ. ಮಗಳನ್ನು ಮುಂದೆ ಕೂಡಿಸಿಕೊಂಡು ಪೆನ್ಸಿಲ್ ಕೊಟ್ಟ. ಸೃಷ್ಟಿ ಮೇಲೆ ತಾರೀಖು ಬರೆದಳು. ಮುಂದೆ ಏನು ಬರೆಯಲಿ ಅಂತ ಕೇಳಿದಳು. ಅಪ್ಪ ಹೇಳಿದ. ಅವಳು ಪೆನ್ಸಿಲ್ ಹಾಳೆಗೆ ಮುಟ್ಟಿಸಿ ಹಾಗೇ ಕೂತಳು.

"ನಾ ಕಾಪಿ ಹೊಡದಿಲ್ಲಲ್ಲ, ಅಪ್ಪಾ."

"ಬರೇ ಕಾಗದ ಅದವ್ವ. ಬರದು ಬಿಡು, ಮುಗೀತು."

ಸೃಷ್ಟಿ ನನ್ನ ಕಡೆ ನೋಡಿದಳು. ಬೇವಿನ ಗಿಡದ ಕೆಳಗೆ ಕೂತಿದ್ದ ದಿನದಿಂದ ಅವಳು ನನ್ನನ್ನು ಹಾಗೆ ನೆಟ್ಟಗೆ ನೋಡಿದ್ದು ಅದೇ ಮೊದಲು. ನಾನು ಎದ್ದು ಆ ಹಾಳೆಯನ್ನು ಅವಳ ಮುಂದಿನಿಂದ ತೆಗೆದುಕೊಂಡೆ. ಇವಳು ಬರೆಯುವುದಿಲ್ಲ, ನಾನು ಸಹಿ ಹಾಕುವುದಿಲ್ಲ ಅಂದೆ.

ಮಗ ಸಿಟ್ಟಿಗೆದ್ದ. ಟೈ ಬೇಕು ಅಂತ ತಿಂಗಳುಗಟ್ಟಲೆ ತಲೆ ತಿಂದವಳು ನೀನೇ, ಈಗ ಸೀಟು ಕೈಗೆ ಬಂದಾಗ ಒದೆಯುತ್ತಿರುವವಳೂ ನೀನೇ ಅಂದ. ಅವನ ಮಾತು ಸುಳ್ಳಲ್ಲ. ಮಗಳ ಮುಂದಿನ ಬಾಳಿನ ಪ್ರಶ್ನೆ ಅಂದ. ಪಂಚಶೀಲಾ ಟೀಚರ್ ಹೇಳಿದ ಶಾಲೆಯ ಹೆಸರು ಹೇಳಿದೆ. ದಿನಾ ಅದರ ಮುಂದೆಯೇ ಗಾಡಿ ಹೊಡೆದುಕೊಂಡು ಬ್ಯಾಂಕಿಗೆ ಹೋಗುತ್ತೇನೆ, ಸರಕಾರಿ ಶಾಲೆ ಅದು ಅಂತ ನನಗೇ ತಿಳಿಸಿಹೇಳಲು ಬಂದ.

"ನೀ ಯಾವ ಸಾಲ್ಯಾಗ ಕಲ್ತಿಯೋ ತಮ್ಮಾ?"

ಓಣಿಯ ಕೊನೆಯ ಈ ಶಾಲೆಯಲ್ಲೇ ಏಳನೆಯ ತನಕ ಓದಿದವನು ಅವನು. ಆಗಿನ ಕಾಲ ಬೇರೆ ಇತ್ತು ಅಂತ ಗೊಣಗಿದ. ಹೊರಸಿನ ಮೇಲೆ ಮಲಗಿದ್ದ ಖಂಡೆಪ್ಪನವರು ಕಣ್ಣು ಬಿಡದೆಯೇ, ಹೌದು, ಆಗ ಮಾಳಿಗೆ ಸೋರುತ್ತಿತ್ತು, ಈಗ ಸೋರುವುದಿಲ್ಲ ಅಂದರು. ಮಗನಿಗೆ ನಗು ಬಂತು, ತಡೆದುಕೊಂಡ. ಸ್ವಲ್ಪ ಹೊತ್ತು ಅತ್ತಿತ್ತ ಅಡ್ಡಾಡಿದ. ಆಮೇಲೆ ಮಗಳ ಎದುರು ಕುಕ್ಕರಗಾಲಲ್ಲಿ ಕೂತು, ಆ ಹುಡುಗನಿಗೆ ನೀನು ಏನು ಹೇಳಿಕೊಟ್ಟೆ ಅಂತ ಕೇಳಿದ. ಇಷ್ಟು ದಿನದಲ್ಲಿ ಅವನೂ ಅದನ್ನು ಕೇಳಿರಲಿಲ್ಲ. ಗುಣಾಕಾರದ ಲೆಕ್ಕವನ್ನು ಕೂಡಿಸಿಯೂ ಮಾಡಬಹುದು ಅಂತ ಹೇಳಿದೆ, ಆಮೇಲೆ ಅವನೇ ಮಾಡಿದ ಅಂದಳು. ವಿವೇಕಾನಂದ ಅವಳ ಕೆನ್ನೆ ಸವರಿ ಎದ್ದ. ನಾಳೆ ಬೆಳಗ್ಗೆ ಬ್ಯಾಂಕಿಗೆ ಹೋಗುವಾಗ ಸರಕಾರಿ ಶಾಲೆಯ ಮುಂದೆ ಗಾಡಿ ನಿಲ್ಲಿಸುತ್ತೇನೆ, ಒಳಗೆ ಹೋಗಿ ದಾಖಲಾತಿ ಕೇಳುತ್ತೇನೆ ಅಂದ.

ಸೀಟಿನ ಮಾತು ಅಲ್ಲಿಗೆ ಮುಗಿಯಿತು. ನನ್ನ ಎದೆಯಲ್ಲಿದ್ದದ್ದು ಮಾತ್ರ ಮುಗಿದಿರಲಿಲ್ಲ. ತಾರೀಖು ಬರೆದ ಹಾಳೆ ಇನ್ನೂ ನನ್ನ ಕೈಯಲ್ಲೇ ಇತ್ತು. ತಪ್ಪಾಯಿತು ಅಂತ ಯಾರಾದರೂ ಬರೆಯಲೇಬೇಕಾಗಿದ್ದರೆ ಅದು ಆ ಹುಡುಗಿಯಲ್ಲ. ನಾನು ಪೆನ್ಸಿಲ್ ತೆಗೆದುಕೊಂಡು ಕೂತೆ. ಎರಡನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಸಹಿ ಬಿಟ್ಟು ಬೇರೇನನ್ನಾದರೂ ಬರೆದು ಐವತ್ತು ವರ್ಷ ದಾಟಿತ್ತು. ಒಂದು ಅಕ್ಷರ ಬರೆದೆ, ಮುಂದೆ ಕೈ ಓಡಲಿಲ್ಲ. ಇಂಥದ್ದು ಬರೆಯಬೇಕು, ನಾನು ಹೇಳುತ್ತೇನೆ, ನೀನೇ ಬರೆದುಕೊಡು ಅಂತ ಸೃಷ್ಟಿಗೆ ಹಾಳೆ ಚಾಚಿದೆ.

ಅವಳು ತಲೆ ಅಲ್ಲಾಡಿಸಿದಳು.

"ಬರದುಕೊಡಬಾರದು, ಆಯಿ. ಬಾಜೂ ಕುಂತು ಹೇಳ್ಬೇಕು ಅಷ್ಟೇ. ಉಜೈರ್‌ಗೂ ನಾ ಬರದುಕೊಟ್ಟಿಲ್ಲ."

ಎದ್ದು ಬಂದು ನನ್ನ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತಳು. ನಾನು ತಪ್ಪು ಬರೆದೆ, ಅವಳು ಅಳಿಸಿದಳು. ಮತ್ತೆ ತಪ್ಪು ಬರೆದೆ. ನಗಲಿಲ್ಲ, ಅವಸರ ಮಾಡಲಿಲ್ಲ, ನನ್ನ ಕೈಯಿಂದ ಪೆನ್ಸಿಲ್ ಕಸಿದುಕೊಳ್ಳಲಿಲ್ಲ. ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿ ಕಾಯುತ್ತಿದ್ದಳು. ಅವಳಿಗಾಗಿ ಯಾರೋ ಹೀಗೆ ಕಾದಿದ್ದಾರೆ, ಅದಕ್ಕೇ ಕಾಯಲು ಬರುತ್ತದೆ ಅಂತ ನನಗೆ ಅನ್ನಿಸಿತು. ಆ ಕೋಣೆಯ ಮೇಲೆ, ಆ ಟೀಚರ್ ಮೇಲೆ, ಶೇವಂತಾಳ ಅನ್ನದ ಮೇಲೆ ನನಗೆ ಹೇಳಲಾರದಷ್ಟು ಪ್ರೀತಿ ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಮೂರು ಸಾಲಾದವು. ಸೃಷ್ಟಿ, ನೀನು ಕಾಪಿ ಮಾಡಿಲ್ಲ. ಏನೂ ಕೇಳದೆ ನಿನ್ನ ಮೇಲೆ ಕೈ ಮಾಡಿದೆ. ನನ್ನದು ತಪ್ಪಾಯಿತು. ಕೆಳಗೆ ಸೂಗಮ್ಮ ಅಂತ ಸಹಿ ಹಾಕಿದೆ, ಅದೊಂದು ನನಗೆ ಬರುತ್ತಿತ್ತು.

ಅವಳು ಹಾಳೆ ಕೈಗೆ ತೆಗೆದುಕೊಂಡು ಮೊದಲಿನಿಂದ ಬೆರಳಿಟ್ಟು ಓದಿದಳು. ಅಕ್ಷರ ಸರಿ ಇವೆಯೋ ಇಲ್ಲವೋ ಅಂತ ನೋಡುತ್ತಿದ್ದಾಳೆ ಅಂದುಕೊಂಡೆ. ಕೊನೆಯ ಸಾಲಿಗೆ ಬಂದಾಗ ಹಾಳೆ ಕೆಳಗಿಟ್ಟಳು. ನನ್ನ ತೊಡೆಯ ಮೇಲೆ ಮುಖ ಒತ್ತಿ ಅತ್ತಳು, ಆರು ದಿನ ಒಳಗೆ ಇಟ್ಟುಕೊಂಡಿದ್ದ ಅಳು ಅದು. ನಾನು ಎರಡು ಏಟು ಹಾಕಿದ್ದ ಆ ಬೆನ್ನನ್ನು ಸವರುತ್ತ, ಗಂಡ ಮಗ ಇಬ್ಬರೂ ನೋಡುತ್ತಿದ್ದರೂ ಲೆಕ್ಕಿಸದೆ, ನಾನೂ ಅವಳ ಜೊತೆ ಅತ್ತೆ.